ಸಂಪಾದಕರ ಉತ್ತರ: ಸಂಜೆಯ ಕೆಲಸ ಯಾವುದಿರಲಿ?

ಪ್ರಿಯ ಓದುಗರೇ,

ಹೆಸರು ಪ್ರಕಟಿಸಬೇಡಿ ಎಂದಿದ್ದೀರಿ, ಆಗಲಿ. ಪದವಿಯ ಎರಡನೇ ವರ್ಷದಲ್ಲಿದ್ದೀರಿ, ಖರ್ಚಿಗೆ ಮನೆಯವರ ಮುಂದೆ ಕೈಚಾಚಲು ಸಂಕೋಚ. ಕಣ್ಣಮುಂದೆ ಮೂರು ಕೆಲಸಗಳಿವೆ: ವಾರಕ್ಕೆ ಆರು ಸಂಜೆ, ದಿನಕ್ಕೆ ನಾಲ್ಕು ಗಂಟೆ ಅಂಗಡಿಯ ಬಿಲ್ಲಿಂಗ್ ಕೌಂಟರ್; ಪಕ್ಕದ ಬೀದಿಯ ಇಬ್ಬರು ಹೈಸ್ಕೂಲು ಮಕ್ಕಳಿಗೆ ವಾರಕ್ಕೆ ನಾಲ್ಕು ದಿನ ಒಂದೂವರೆ ಗಂಟೆ ಟ್ಯೂಷನ್; ಮನೆಯಲ್ಲೇ ಕೂತು ಮಾಡುವ ಡೇಟಾ ಎಂಟ್ರಿ. "ಅಂಗಡಿಯವರೇ ಹೆಚ್ಚು ಕೊಡುತ್ತಾರೆ, ಸೇರಲೇ?" ಎಂಬುದು ನಿಮ್ಮ ಪ್ರಶ್ನೆ.

ಮೂರನೆಯದನ್ನು ಮೊದಲು ಪಕ್ಕಕ್ಕಿಡೋಣ. ಸೇರುವ ಮುನ್ನ "ನೋಂದಣಿ ಶುಲ್ಕ" ಕಟ್ಟಿ ಎಂದಿದ್ದಾರಲ್ಲ, ಅಲ್ಲಿಗೇ ಮುಗಿಯಿತು. ಕೆಲಸ ಕೊಡುವವರು ಸಂಬಳ ಕೊಡಬೇಕು, ನಿಮ್ಮಿಂದ ದುಡ್ಡು ಕೀಳಬಾರದು. ನಾಳೆ ಅವರೇ "ನಿಮ್ಮ ಖಾತೆಗೆ ಹಣ ಹಾಕುತ್ತೇವೆ, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸಿ" ಎಂದರೂ ಒಪ್ಪಬೇಡಿ. ಕದ್ದ ಹಣ ದಾಟಿಸಲು ವಿದ್ಯಾರ್ಥಿಗಳ ಖಾತೆ ಬಳಸುವ ಹಳೆಯ ಉಪಾಯವದು. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ಇನ್ನು ಅಂಗಡಿ. ವಾರಕ್ಕಿರುವುದು 168 ಗಂಟೆ. ನಿದ್ದೆಗೆ 56, ತರಗತಿ ಮತ್ತು ಲ್ಯಾಬ್‌ಗೆ 30, ಕಾಲೇಜಿಗೆ ಹೋಗಿಬರಲು 10, ಸ್ವಂತ ಓದಿಗೆ 25, ಸ್ನಾನ-ಊಟ-ಬಟ್ಟೆ ಒಗೆಯುವುದಕ್ಕೆ 21 ಎಂದಿಟ್ಟುಕೊಳ್ಳಿ. ಉಳಿಯುವುದು 26. ಅಂಗಡಿಯದು 24 ಗಂಟೆ, ಸರಿಹೋಯಿತಲ್ಲ ಎನಿಸುತ್ತದೆ. ಆದರೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ ಎಂದು ನೀವೇ ಬರೆದಿದ್ದೀರಿ. ನಾಲ್ಕು ಗಂಟೆಯ ಕೆಲಸ ಐದೂವರೆಯಾಯಿತು, ವಾರಕ್ಕೆ 33. ಕೊರತೆ ಬೀಳುವ ಏಳು ಗಂಟೆಯನ್ನು ನಿದ್ದೆಯಿಂದಲೋ ಓದಿನಿಂದಲೋ ಕದಿಯಬೇಕು. ನಾಲ್ಕು ಗಂಟೆಯ ಸಂಬಳವನ್ನು ಐದೂವರೆಗೆ ಹಂಚಿ ನೋಡಿ, ಗಂಟೆಗೆ ಸಿಗುವುದು ಕಾಲು ಭಾಗಕ್ಕಿಂತ ಹೆಚ್ಚೇ ಇಳಿಯುತ್ತದೆ. ಬಸ್ಸಿನ ಖರ್ಚು ಬೇರೆ.

ನಿದ್ದೆ ಬಿಟ್ಟರೆ ಏನು ಮಹಾ ಎನ್ನಬೇಡಿ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಾನೂ ವಿದ್ಯಾರ್ಥಿಯಾಗಿದ್ದಾಗ ಮುದ್ರಣಾಲಯವೊಂದರಲ್ಲಿ ರಾತ್ರಿ ಕರಡು ತಿದ್ದುತ್ತಿದ್ದೆ. ಆ ಕೆಲಸವೇ ನನ್ನನ್ನು ಈ ಕುರ್ಚಿಗೆ ತಂದಿತು, ನಿಜ. ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಎರಡು ಸಲ ಬರೆಸಿದ್ದೂ ಅದೇ.

ಹೊರದೇಶದಿಂದ ಬಂದ ವಿದ್ಯಾರ್ಥಿಗಳ ದುಡಿಮೆಗೆ ಕೆಲವು ದೇಶಗಳು ಮಿತಿ ಹಾಕಿವೆ: ತರಗತಿ ನಡೆಯುವಾಗ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20 ಗಂಟೆ, ಜಪಾನಿನಲ್ಲಿ 28, ರಜೆಯಲ್ಲಿ ಸಡಿಲ. ನಿಮಗೆ ಆ ಕಾನೂನು ಅನ್ವಯಿಸದಿದ್ದರೂ ರಜೆಗೊಂದು ಲೆಕ್ಕ, ತರಗತಿಯ ದಿನಗಳಿಗೊಂದು ಲೆಕ್ಕ ಎಂಬ ವಿವೇಕವನ್ನು ಎರವಲು ಪಡೆಯಬಹುದು. ಅಂಗಡಿಯವರು ರಜೆಯಲ್ಲಿ ಕರೆದರೆ ಧಾರಾಳವಾಗಿ ಹೋಗಿ.

ಸದ್ಯಕ್ಕೆ ನನ್ನ ಮತ ಟ್ಯೂಷನ್‌ಗೆ. ಹಣ ಕಡಿಮೆ, ಒಪ್ಪುತ್ತೇನೆ. ಆದರೆ ವಾರಕ್ಕೆ ಆರೇ ಗಂಟೆ, ಪಾಠದ ತಯಾರಿಗೆ ಇನ್ನೆರಡು ಸೇರಿಸಿ. ನಿಮ್ಮದು ಗಣಿತ, ಬೀಜಗಣಿತವನ್ನು ಇನ್ನೊಬ್ಬರಿಗೆ ಹೇಳಿಕೊಡುವಾಗ ನಮ್ಮ ತಳಪಾಯ ಎಲ್ಲಿ ಟೊಳ್ಳಾಗಿದೆ ಎಂದು ಗೊತ್ತಾಗುತ್ತದೆ. ತೊಡಕು ಇರುವುದು ಬೇರೆ ಕಡೆ: ಆ ಮಕ್ಕಳ ಪರೀಕ್ಷೆ ಮತ್ತು ನಿಮ್ಮದು ಒಟ್ಟಿಗೇ ಬಂದರೆ? ನಿಮಗೆ ಬಿಡುವು ಬೇಕಾದಾಗಲೇ ಅವರು ದಿನವೂ ಬನ್ನಿ ಎನ್ನುತ್ತಾರೆ. ಇಬ್ಬರ ವೇಳಾಪಟ್ಟಿಯನ್ನೂ ಮುಂದಿಟ್ಟುಕೊಂಡು ಪೋಷಕರ ಹತ್ತಿರ ಈಗಲೇ ಮಾತಾಡಿ. "ನನ್ನ ಪರೀಕ್ಷೆಗೆ ಮೂರು ವಾರ ಮೊದಲು ವಾರಕ್ಕೆ ಎರಡೇ ದಿನ ಬರುತ್ತೇನೆ, ಅದಕ್ಕೆ ಬದಲಾಗಿ ಹಿಂದಿನ ತಿಂಗಳು ಹೆಚ್ಚು ಪಾಠ ಮಾಡುತ್ತೇನೆ" ಎಂದರೆ ಬೇಡ ಎನ್ನುವವರು ಕಡಿಮೆ. ಸಂಬಳದ ತಾರೀಖನ್ನೂ ಆಗಲೇ ಕೇಳಿಬಿಡಿ. ಸಂಕೋಚದಿಂದ ಸುಮ್ಮನಿದ್ದರೆ ತಿಂಗಳು ಮುಂದೆ ಮುಂದೆ ಹೋಗುತ್ತದೆ.

ಕೆಲಸ ಮಾಡುವುದನ್ನು ಉಪನ್ಯಾಸಕರಿಗೆ ಹೇಳಬೇಕೇ ಎಂದೂ ಕೇಳಿದ್ದೀರಿ. ಹೇಳಿ. ಹಾಜರಿ ಕಡಿಮೆಯಾದ ಮೇಲೆ ಹೇಳಿದರೆ ನೆಪ ಎನ್ನುತ್ತಾರೆ.

- ಸಂ.