ಪ್ಲಾಸ್ಟರಿನೊಳಗಿನ ಕೆಂಪು ಹೂವು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಗ್ರೀಸಿನ ವ್ಲಾಸಿಸ್ ಕನಿಯಾರಿಸ್ ಅವರನ್ನು ಚಿತ್ರಕಾರ ಅಂತ ಕರೆದಿದ್ದೀರಿ. ಪಕ್ಕದ ಫೋಟೋದಲ್ಲಿ ಇದ್ದದ್ದು ಹಳೇ ಕೋಟು, ಸೂಟ್‌ಕೇಸು. ಬಣ್ಣವೂ ಇಲ್ಲ, ಕುಂಚವೂ ಇಲ್ಲ. ಇದು ಚಿತ್ರಕಲೆ ಹೇಗಾಗುತ್ತದೆ?"
– ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ:

ನೀವು ಕೇಳಿದ್ದು ಸರಿಯಾಗಿದೆ. ಆ ಫೋಟೋ ಕೆಳಗೆ ನಾವು ಎರಡು ಸಾಲು ವಿವರ ಕೊಡಬೇಕಿತ್ತು.

ಕನಿಯಾರಿಸ್ ಹುಟ್ಟಿದ್ದು 1928ರಲ್ಲಿ, ಅಥೆನ್ಸಿನಲ್ಲಿ. ಡಾಕ್ಟರಾಗಲು ಹೊರಟವರು ಅರ್ಧಕ್ಕೇ ಬಿಟ್ಟು ಕಲಾಶಾಲೆ ಸೇರಿದರು. ಕುಂಚ ಹಿಡಿದೇ ಶುರು ಮಾಡಿದವರು. ಆದರೆ ಅವರು ಬೆಳೆದ ಊರಿನ ಗೋಡೆಗಳನ್ನು ನೆನೆಸಿಕೊಳ್ಳಿ. 1941ರಲ್ಲಿ ಜರ್ಮನ್ ಸೇನೆ ಬಂದು ಕೂತಿತು. ರಾತ್ರಿ ಜನ ಗೋಡೆ ಮೇಲೆ ಘೋಷಣೆ ಬರೆಯುವುದು, ಸೈನಿಕರು ಅದನ್ನು ಅಳಿಸುವುದು, ಜನ ಮತ್ತೆ ಬರೆಯುವುದು. 1959ರಲ್ಲಿ ಅವರು ಆ ಗೋಡೆಗಳಿಗೆ ಗೌರವ ಅಂತಲೇ ಒಂದು ಸರಣಿ ಮಾಡಿದರು. ಗೋಡೆಯ ಚಿತ್ರ ಬಿಡಿಸಲಿಲ್ಲ. ಪ್ಲಾಸ್ಟರಿನಲ್ಲಿ ಅದ್ದಿದ ಕಾಗದ, ಗೋಣಿಬಟ್ಟೆ ಮೆತ್ತಿ ಗೋಡೆಯನ್ನೇ ಎಬ್ಬಿಸಿದರು. ಬಣ್ಣ ಸಾಲದೇ ಹೋದದ್ದು ಇಲ್ಲೇ ಅಂತ ನನಗನ್ನಿಸುತ್ತದೆ.

1967ರ ಏಪ್ರಿಲ್ 21ರಂದು ಮಿಲಿಟರಿಯವರು ಅಧಿಕಾರ ಕಿತ್ತುಕೊಂಡರು. ಅವರ ಮುಖಂಡ ಪಾಪದೋಪುಲೋಸ್ ಪದೇಪದೇ ಒಂದು ಮಾತು ಹೇಳುತ್ತಿದ್ದ: ದೇಶ ಈಗ ರೋಗಿ, ಗುಣವಾಗುವ ತನಕ ಪ್ಲಾಸ್ಟರಿನಲ್ಲೇ ಇರಬೇಕು. 1969ರಲ್ಲಿ ಕನಿಯಾರಿಸ್ ಅಥೆನ್ಸಿನಲ್ಲಿ ಪ್ರದರ್ಶನ ಇಟ್ಟರು. ಅಲ್ಲಿ ಇದ್ದದ್ದು ಅದೇ ಪ್ಲಾಸ್ಟರು, ಮುಳ್ಳುತಂತಿ, ಮತ್ತೆ ಕೆಂಪು ಕಾರ್ನೇಷನ್ ಹೂವು. ಆ ಹೂವು ಯಾಕೆ ಅಂತ ಗ್ರೀಸಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕಮ್ಯುನಿಸ್ಟ್ ನಾಯಕ ನಿಕೋಸ್ ಬೆಲೊಯಾನಿಸ್ ವಿಚಾರಣೆ ವೇಳೆ ಕೈಯಲ್ಲಿ ಹಿಡಿದಿದ್ದದ್ದು ಕಾರ್ನೇಷನ್. 1952ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ನೋಡಲು ಬಂದವರಿಗೆ ಕನಿಯಾರಿಸ್ ಒಂದೊಂದು ಪುಟ್ಟ ಪ್ಲಾಸ್ಟರ್ ತುಂಡು ಕೊಟ್ಟರು, ಅದರಲ್ಲಿ ಒಂದು ಕೆಂಪು ಹೂವು ನೆಟ್ಟಿತ್ತು. ಒಂದು ಘೋಷಣೆಯಿಲ್ಲ, ಒಂದು ಬೈಗುಳವಿಲ್ಲ. ಸರ್ವಾಧಿಕಾರಿಯ ಮಾತನ್ನೇ ತಿರುಗಿಸಿ ಜನರ ಕೈಗಿಟ್ಟರು. ಅಂಥ ಕಾಲದಲ್ಲಿ ಅದನ್ನು ಹಿಡಿದುಕೊಂಡು ಬೀದಿಗೆ ಇಳಿಯುವುದಕ್ಕೂ ಧೈರ್ಯ ಬೇಕು, ಅಲ್ವಾ? ಆಮೇಲೆ ಅವರು ದೇಶ ಬಿಟ್ಟು ಹೋದರು.

ಇನ್ನು ನೀವು ಕೇಳಿದ ಕೋಟು. 1960ರಲ್ಲಿ ಗ್ರೀಸ್ ಮತ್ತು ಪಶ್ಚಿಮ ಜರ್ಮನಿ ಕೂಲಿಯಾಳುಗಳ ವಿಷಯದಲ್ಲಿ ಒಪ್ಪಂದ ಮಾಡಿಕೊಂಡವು. ಹಳ್ಳಿ ಹಳ್ಳಿಗಳಿಂದ ಜನ ಜರ್ಮನಿಯ ಕಾರ್ಖಾನೆಗಳಿಗೆ ಹೊರಟರು. 1970ರ ದಶಕದಲ್ಲಿ ಬರ್ಲಿನ್‌ನಲ್ಲಿದ್ದ ಕನಿಯಾರಿಸ್, ತಂತಿಬಲೆಯ ಮೈಗಳಿಗೆ ಬಳಸಿ ಬಿಟ್ಟ ಬಟ್ಟೆ ತೊಡಿಸಿ ಈ ವಲಸೆ ಕೂಲಿಗಳನ್ನು ನಿಲ್ಲಿಸಿದರು. ಒಂದಕ್ಕೂ ತಲೆಯಿಲ್ಲ. ಕೆಲಸಕ್ಕೆ ಕರೆಸಿಕೊಂಡವರಿಗೆ ಬೇಕಾಗಿದ್ದದ್ದು ಕೈಕಾಲು ಮಾತ್ರ, ಮುಖ ಬೇಕಿರಲಿಲ್ಲ. ನಾನು ಅದನ್ನು ಹಾಗೇ ಓದಿಕೊಂಡಿದ್ದೇನೆ.

ಮುಂದೆ ಅವರು ಅಥೆನ್ಸಿಗೆ ಮರಳಿ, ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 2011ರಲ್ಲಿ ತೀರಿಕೊಂಡರು.

ನಾವು ಹಾಕಿದ್ದ ಫೋಟೋ 1974ರ ಕೃತಿಯದು. ಅದರ ಹೆಸರು 'ಕುಂಟೆಬಿಲ್ಲೆ'. ಸಂಚಿಕೆ ನಿಮ್ಮ ಹತ್ತಿರ ಇದ್ದರೆ ಇನ್ನೊಂದು ಸಲ ತೆಗೆದು ನೋಡಿ. ಕೋಟುಗಳ ನಡುವೆ ನೆಲದ ಮೇಲೆ ಮನೆಗಳನ್ನು ಗೀಚಿದೆ, ನಾವೆಲ್ಲ ಚಿಕ್ಕವರಿದ್ದಾಗ ಅಂಗಳದಲ್ಲಿ ಗೀಚುತ್ತಿದ್ದೆವಲ್ಲ, ಹಾಗೇ. ಯಾರೂ ಕುಂಟುತ್ತಿಲ್ಲ. ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಸುಮ್ನೆ ನಿಂತಿದ್ದಾರೆ.