ಟೆಕ್ ಸುದ್ದಿಗೆಲ್ಲ ಬ್ಲಾಗ್ ಬರೆದರೆ ಗಿರಾಕಿ ಬರ್ತಾರಾ? ನನಗೆ ಇದ್ದವರಲ್ಲೇ ಮೂವರು ಹೋದರು

ಸಿಂಧನೂರಿನಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತೀರಿ. ದಿನಾ ಬರುವ ಟೆಕ್ ಸುದ್ದಿಗಳ ಮೇಲೆ ಅಭಿಪ್ರಾಯ ಬರೆದು ಬ್ಲಾಗಿಗೆ ಹಾಕಿದರೆ ಹೆಸರಾಗಿ ಕೆಲಸ ಸಿಗುತ್ತಾ, ಬರೆಯೋದಾದರೆ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಅಂತ ಕೇಳಿದ್ದೀರಿ. ಓದುತ್ತಲೇ 2018 ರ ನನ್ನ ಮುಖ ಕಣ್ಣ ಮುಂದೆ ಬಂತು.

ನಾನು ಗಂಗಾವತಿಯವನು, ನನ್ನದೂ ಇದೇ ಕೆಲಸ. ಆಗ ನನ್ನ ಹತ್ತಿರ ಹನ್ನೊಂದು ಗಿರಾಕಿಗಳಿದ್ದರು. ಮೂರು ರೈಸ್ ಮಿಲ್, ಆನೆಗೊಂದಿ ಕಡೆಯ ಎರಡು ಹೋಮ್‌ಸ್ಟೇ, ಒಂದು ನರ್ಸಿಂಗ್ ಹೋಮ್, ಕೊಪ್ಪಳದ ಒಂದು ಬೀಜ-ಗೊಬ್ಬರದ ಅಂಗಡಿ, ಹೀಗೆ. ಒಬ್ಬೊಬ್ಬರಿಂದ ವರ್ಷಕ್ಕೆ ಆರರಿಂದ ಹದಿನೆಂಟು ಸಾವಿರ ಬರುತ್ತಿತ್ತು. ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿಂದು ಮಾಳಿಗೆ ಮೇಲಿನ ಕೋಣೆಗೆ ಹೋದರೆ ಎರಡು ತಾಸು ಸುದ್ದಿ ಓದೋದು, ಒಂದು ತಾಸು ಸಿಟ್ಟು ಮಾಡಿಕೊಳ್ಳೋದು, ಆ ಸಿಟ್ಟನ್ನೇ ಇಂಗ್ಲಿಷಿನಲ್ಲಿ ಬರೆದು ಬ್ಲಾಗಿಗೆ ಹಾಕೋದು. ಕೆಲಸ ಶುರುವಾಗುವಾಗ ಕರೆಂಟ್ ಹೋಗುವ ಹೊತ್ತು.

ಆ ವರ್ಷ ಜೂನ್ 4 ರಂದು ಮೈಕ್ರೋಸಾಫ್ಟ್‌ನವರು ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಹಬ್ ಅನ್ನು 750 ಕೋಟಿ ಡಾಲರಿಗೆ ಕೊಳ್ಳುತ್ತೇವೆ ಅಂತ ಘೋಷಿಸಿದರು. ನನಗೆ ಮನೆಗೆ ಬೆಂಕಿ ಬಿದ್ದಷ್ಟು ಗಾಬರಿ. ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ಬಳಸಬಹುದಾದ ಕೋಡ್) ಕಥೆ ಮುಗೀತು ಅಂತ ಎರಡು ಸಾವಿರ ಪದ ಬರೆದೆ. ಬರೆದ ಮೇಲೆ ಮಾತಿಗೆ ತಕ್ಕ ಹಾಗೆ ನಡೀಬೇಕಲ್ವಾ? ನನ್ನ ಹದಿನಾಲ್ಕು ರೆಪೊಗಳನ್ನೂ, ಅಂದರೆ ಕೋಡಿನ ಗಂಟುಗಳನ್ನೂ, ಎತ್ತಿಕೊಂಡು ಅದರ ಪ್ರತಿಸ್ಪರ್ಧಿ ಗಿಟ್‌ಲ್ಯಾಬಿಗೆ ಹೋದೆ. ಅದಕ್ಕೇ ಒಂದು ವಾರ ಹೋಯಿತು. ಮುಂದಿನ ಜನವರಿಯಲ್ಲಿ ಗಿಟ್‌ಹಬ್‌ನವರು ಪ್ರೈವೇಟ್ ರೆಪೊಗಳನ್ನು ಫ್ರೀ ಮಾಡಿದರು. ಸದ್ದಿಲ್ಲದೆ ವಾಪಸ್ ಬಂದೆ. ಅದರ ಬಗ್ಗೆ ಬ್ಲಾಗ್ ಬರೆಯಲಿಲ್ಲ.

ಆದರೆ ನನ್ನ ಹೊಟ್ಟೆಗೆ ಸಂಬಂಧಪಟ್ಟ ಸುದ್ದಿ ಅದಕ್ಕೂ ಮೊದಲೇ, ಫೆಬ್ರವರಿಯಲ್ಲೇ ಬಂದಿತ್ತು. ಜುಲೈನಲ್ಲಿ ಬರುವ ಕ್ರೋಮ್ 68 ರಿಂದ ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಕಳಿಸುವ ದಾರಿ) ಇಲ್ಲದ ಎಲ್ಲ ಸೈಟುಗಳ ವಿಳಾಸದ ಪಕ್ಕ 'ನಾಟ್ ಸೆಕ್ಯೂರ್' ಅಂತ ತೋರಿಸುತ್ತೇವೆ ಅಂತ ಗೂಗಲ್ ಐದು ತಿಂಗಳು ಮುಂಚೆ ಹೇಳಿತ್ತು. ನಾನು ಅದನ್ನು ಓದಿದ್ದೆ. ಓದಿ ಮುಂದೆ ಹೋದೆ. ಅದರಲ್ಲಿ ಬೈಯೋದಕ್ಕೆ ಯಾರೂ ಇರಲಿಲ್ಲ, ಹಾಗಾಗಿ ಬರೆಯೋದಕ್ಕೂ ಏನೂ ಇರಲಿಲ್ಲ. ನನ್ನ ಹನ್ನೊಂದು ಸೈಟುಗಳಲ್ಲಿ ಒಂಬತ್ತಕ್ಕೆ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಇರಲಿಲ್ಲ.

ಜುಲೈ 16 ರಿಂದ ಗೂಗಲ್ ಮ್ಯಾಪ್ಸ್‌ನ ಹೊಸ ಬಿಲ್ಲಿಂಗ್ ನಿಯಮ ಬಂದು ಹೋಮ್‌ಸ್ಟೇ ಸೈಟಿನ ನಕ್ಷೆ ಕಪ್ಪಾಗಿ, ಅದರ ಮೇಲೆಲ್ಲ 'ಫಾರ್ ಡೆವಲಪ್‌ಮೆಂಟ್ ಪರ್ಪಸಸ್ ಓನ್ಲಿ' ಅಂತ ಬಂತು. ಅದನ್ನು ತೆಗೆದು ಸಾದಾ ಐಫ್ರೇಮ್ (ನಕ್ಷೆಯ ಪುಟವನ್ನೇ ಒಳಗೆ ಕೂರಿಸುವ ಚೌಕ) ಹಾಕಿ ಪಾರಾದೆ. ಆಗಲಾದರೂ ಎಚ್ಚರ ಆಗಬೇಕಿತ್ತು.

ಜುಲೈ 24 ಕ್ಕೆ ಕ್ರೋಮ್ 68 ಬಂತು. ಎರಡು ದಿನ ಬಿಟ್ಟು ದೊಡ್ಡ ಮಿಲ್ಲಿನ ಸಾವ್ಕಾರ್ರ ಫೋನ್.

"ಏನ್ ತಮ್ಮಾ, ನಮ್ ವೆಬ್‌ಸೈಟ್‌ನಾಗ ಕಳ್ಳರು ಹೊಕ್ಕಾರಂತಲ್ಲ? ಕೇರಳದ ಪಾರ್ಟಿ ಫೋಟೋ ಕಳ್ಸ್ಯಾನ ನೋಡು."

ಕಳ್ಳರಲ್ಲ, ಬರೀ ಒಂದು ಬೂದು ಬಣ್ಣದ ಅಕ್ಷರ ಅಂತ ಅವರಿಗೆ ಹೇಗೆ ಹೇಳೋದು? ಸಂಜೆಯೊಳಗೆ ಸರಿ ಮಾಡ್ತೀನಿ ಅಂದೆ. ಮಾಡಿಯೂ ಮಾಡಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಫ್ರೀ ಸರ್ಟಿಫಿಕೇಟ್, ಅದರ 90 ದಿನ ಮುಗಿಯುವ ಮೊದಲೇ ತಾನೇ ನವೀಕರಣ ಆಗುವ ಹಾಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ), ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್. ಒಂದೂವರೆ ತಾಸಿನ ಕೆಲಸ. ಬೀಗದ ಚಿತ್ರ ಬಂತು, ಸಾವ್ಕಾರ್ರು ಖುಷಿ. ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಇಳಿದಿದ್ದರೆ ಈ ಉತ್ತರ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಇದನ್ನು ಅರ್ಧಂಬರ್ಧ ಹೇಳಿದರೆ ನೀವೂ ಮಾಡ್ತೀರಿ.

ಎಸ್‌ಎಸ್‌ಎಲ್ ಲ್ಯಾಬ್ಸ್ ಅಂತ ಒಂದು ಟೆಸ್ಟ್ ಇದೆ, ಸೈಟಿನ ಹೆಸರು ಕೊಟ್ಟರೆ ಮಾರ್ಕ್ಸ್ ಕೊಡುತ್ತೆ. ನನಗೆ 'ಎ' ಬಂತು. 'ಎ ಪ್ಲಸ್' ಬೇಕಾಗಿತ್ತು. ಯಾಕೆ? ಮಿಲ್ಲಿನವರಿಗೆ ಬೇಕಿರಲಿಲ್ಲ, ಕೇರಳದ ಪಾರ್ಟಿಗೂ ಬೇಕಿರಲಿಲ್ಲ. ಬ್ಲಾಗಿಗೆ ಬೇಕಿತ್ತು. 'ನಾಟ್ ಸೆಕ್ಯೂರ್‌ನಿಂದ ಎ ಪ್ಲಸ್‌ಗೆ ಒಂದೇ ಸಂಜೆಯಲ್ಲಿ' ಅನ್ನೋ ತಲೆಬರಹ ಆಗಲೇ ತಲೆಯಲ್ಲಿ ಕೂತಿತ್ತು. ಎ ಪ್ಲಸ್ ಬೇಕು ಅಂದರೆ ಎಚ್‌ಎಸ್‌ಟಿಎಸ್ ಅನ್ನೋ ಒಂದು ಹೆಡರ್ (ಸೈಟಿನಿಂದ ಬ್ರೌಸರಿಗೆ ಹೋಗುವ ಸೂಚನೆಯ ಸಾಲು) ಹಾಕಬೇಕು. ಯಾರದೋ ಬ್ಲಾಗಿನಿಂದ ಆ ಸಾಲನ್ನು ಕಾಪಿ ಮಾಡಿ ಸೈಟ್ ನಡೆಸುವ ಸರ್ವರ್ ಸಾಫ್ಟ್‌ವೇರ್ ಎನ್‌ಜಿನ್‌ಎಕ್ಸ್‌ನ ಫೈಲಿಗೆ ಅಂಟಿಸಿದೆ. ಅದರಲ್ಲಿ ಎರಡು ಭಾಗ. ಮ್ಯಾಕ್ಸ್-ಏಜ್ 31536000, ಅಂದರೆ ಒಂದು ವರ್ಷದ ಸೆಕೆಂಡುಗಳು. ಇನ್ನೊಂದು, ಇನ್‌ಕ್ಲೂಡ್ ಸಬ್‌ಡೊಮೈನ್ಸ್, ಅಂದರೆ ಸೈಟಿನ ವಿಳಾಸದ ಮುಂದೆ ಇನ್ನೊಂದು ಹೆಸರು ಸೇರಿಸಿ ಮಾಡಿದ ಉಪ-ವಿಳಾಸಗಳೂ ಸೇರಿ ಅಂತ.

ಈ ಸಾಲಿನ ಅರ್ಥ ಇಷ್ಟು: 'ಬ್ರೌಸರಪ್ಪಾ, ಇವತ್ತಿನಿಂದ ಒಂದು ವರ್ಷ ನಮ್ಮ ಡೊಮೈನಿಗೆ, ಅದರ ಕೆಳಗಿನ ಎಲ್ಲ ಸಬ್‌ಡೊಮೈನಿಗೆ ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ದಾರಿಯಲ್ಲಿ ಹೋಗಲೇಬೇಡ.' ಬ್ರೌಸರ್ ಇದನ್ನು ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಸರ್ಟಿಫಿಕೇಟಿನ ತೊಂದರೆ ಬಂದರೆ 'ಪರವಾಗಿಲ್ಲ, ಮುಂದೆ ಹೋಗು' ಅನ್ನುವ ಬಟನ್ ಕೂಡ ಬರೋದಿಲ್ಲ. ಬಳಸುವವರಿಗೆ ಹಾಗೆ ದಾಟಿಹೋಗುವ ದಾರಿ ಕೊಡಬಾರದು ಅಂತ ಇದರ ನಿಯಮ ಬರೆದಿಟ್ಟ ದಾಖಲೆ, 2012 ರ ಆರ್‌ಎಫ್‌ಸಿ 6797 ರಲ್ಲೇ ಇದೆ. ನಾನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಆ ಮಿಲ್ಲಿಗೆ ಒಂದು ಸಬ್‌ಡೊಮೈನ್ ಇತ್ತು. ನಾನು ಮಾಡಿದ್ದಲ್ಲ, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿದ ಹುಡುಗ ಮಾಡಿಕೊಟ್ಟಿದ್ದು. ಲಾರಿ ತೂಗುವ ವೇಬ್ರಿಡ್ಜ್ ಪಕ್ಕದ ಆಫೀಸಿನ ಕಂಪ್ಯೂಟರಿನಲ್ಲೇ 8080 ಪೋರ್ಟಿನಲ್ಲಿ (ಕಂಪ್ಯೂಟರಿನ ಒಂದು ಬಾಗಿಲ ನಂಬರ್ ಅನ್ನಿ) ಓಡುತ್ತಿದ್ದ ಒಂದೇ ಪುಟ. ದಿನಾ ಹತ್ತು ಗಂಟೆಗೆ ಗುಮಾಸ್ತರು ಅದರಲ್ಲಿ ರೇಟ್ ತುಂಬುತ್ತಿದ್ದರು. ಸೋನಾ ಮಸೂರಿ ಸ್ಟೀಮ್ ಇಷ್ಟು, ರಾ ಇಷ್ಟು, ನುಚ್ಚು ಇಷ್ಟು, ತೌಡು ಇಷ್ಟು. ಬೆಂಗಳೂರು, ತಮಿಳುನಾಡು, ಕೇರಳದ ಬ್ರೋಕರುಗಳು ಅದನ್ನು ನೋಡಿ ಲೋಡ್ ಹೇಳುತ್ತಿದ್ದರು. ನನ್ನ ಚಂದದ ಮೇನ್ ಸೈಟನ್ನು ಯಾರೂ ನೋಡುತ್ತಿರಲಿಲ್ಲ, ಮಿಲ್ಲು ನಡೆಯುತ್ತಿದ್ದದ್ದು ಆ ಕುರೂಪಿ ಪುಟದ ಮೇಲೆ. ಅದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಅಂಥದ್ದೊಂದು ಇದೆ ಅನ್ನೋದೇ ನನಗೆ ಆ ರಾತ್ರಿ ನೆನಪಿಗೆ ಬರಲಿಲ್ಲ.

ಮೇನ್ ಸೈಟನ್ನು ಯಾರೂ ತೆರೆಯದಿದ್ದರೆ ಬ್ರೋಕರುಗಳ ಬ್ರೌಸರಿಗೆ ನನ್ನ ಹೆಡರ್ ತಲುಪಿದ್ದಾದರೂ ಹೇಗೆ? ಇದನ್ನು ಹುಡುಕೋಕೆ ನನಗೆ ಎರಡು ದಿನ ಹಿಡಿಯಿತು. ರೇಟ್ ಪುಟದ ತಲೆಯ ಮೇಲೆ ಮಿಲ್ಲಿನ ಲೋಗೋ ಇತ್ತು. ಆ ಲೋಗೋ ಬರುತ್ತಿದ್ದದ್ದು ಮೇನ್ ಸೈಟಿನಿಂದ. ಬ್ರೋಕರ್ ರೇಟ್ ಪುಟ ತೆರೆಯುತ್ತಾನೆ, ಪುಟ ಬರುತ್ತೆ, ಲೋಗೋ ತರಲು ಬ್ರೌಸರ್ ಮೇನ್ ಸೈಟಿಗೆ ಹೋಗುತ್ತೆ, ನನ್ನ ರೀಡೈರೆಕ್ಟ್ ಅದನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುತ್ತೆ, ಲೋಗೋ ಜೊತೆಗೆ ಹೆಡರ್ ಕೂಡ ಬರುತ್ತೆ. ಮುಗೀತು. ಮುಂದಿನ ಸಲ ಅದೇ ರೇಟ್ ಪುಟ ತೆರೆದರೆ ಬ್ರೌಸರ್ ಬಲವಂತವಾಗಿ ಎಚ್‌ಟಿಟಿಪಿಎಸ್‌ನಲ್ಲಿ 8080 ಕ್ಕೆ ಹೋಗಿ ಬಾಗಿಲು ಬಡಿಯುತ್ತೆ. ಒಳಗೆ ಆ ಭಾಷೆ ತಿಳಿದವರು ಯಾರೂ ಇಲ್ಲ.

ಅಂದರೆ ಮೊದಲ ಸಲ ತೆರೆಯುತ್ತೆ, ಎರಡನೇ ಸಲ ತೆರೆಯೋದಿಲ್ಲ. ನಾನೋ, ಪ್ರತಿ ಸಲ ಹಳೆಯದನ್ನು ನೆನಪಿಡದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡುತ್ತಿದ್ದೆ. ಅಲ್ಲಿ ಎಲ್ಲವೂ ಮೊದಲ ಸಲವೇ. "ನನ್ ಕಡೆ ಬರಾಕತ್ತೈತ್ರಿ" ಅಂತ ನಾನು, "ನಿನ್ನೆ ಬಂದಿತ್ರಿ ಸರ್, ಇವತ್ತು ಬರವಲ್ದು" ಅಂತ ಗುಮಾಸ್ತರು. ನೆಟ್‌ವರ್ಕ್ ಸಮಸ್ಯೆ ಅಂದೆ. ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂದೆ. ಪಾಪ, ಆ ಮನುಷ್ಯ ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದರು.

ಗೊತ್ತಾದ ಮೇಲೆ ಮ್ಯಾಕ್ಸ್-ಏಜ್ ಸೊನ್ನೆ ಮಾಡಿದೆ. ಆದರೆ ಆ ಸೊನ್ನೆ ತಲುಪಬೇಕು ಅಂದರೆ ಪ್ರತಿ ಬ್ರೋಕರೂ ಮೇನ್ ಸೈಟನ್ನು ಒಮ್ಮೆ ತೆರೆದು ರಿಫ್ರೆಶ್ ಮಾಡಬೇಕು. ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದೆವು. 'ಈ ಲಿಂಕ್ ಒತ್ತಿ' ಅಂತ ಬಂದ ಮೆಸೇಜನ್ನು ಮೊದಲೇ ಹೆದರಿದ ವ್ಯಾಪಾರಿ ಒತ್ತುತ್ತಾನಾ? ಐಪಿ ವಿಳಾಸಕ್ಕೆ ಎಚ್‌ಎಸ್‌ಟಿಎಸ್ ಅನ್ವಯಿಸಲ್ಲ ಅಂತ ಗೊತ್ತಾಗಿ ಬರೀ ನಂಬರಿನ ಲಿಂಕ್ ಕೊಟ್ಟೆ. ಅದು ಇನ್ನೂ ಕೆಟ್ಟಿತು. ಮಿಲ್ಲಿನ ಸೈಟ್ ಹ್ಯಾಕ್ ಆಗಿದೆ, ನಂಬರಿನ ಲಿಂಕ್ ಕಳಿಸ್ತಿದ್ದಾರೆ ಅಂತ ಬ್ರೋಕರುಗಳೇ ತಮ್ಮ ಗ್ರೂಪಿನಲ್ಲಿ ಹಾಕಿಕೊಂಡರು. ಐದು ದಿನ ಲೋಡ್ ಹೇಳುವವರು ಪಕ್ಕದ ಮಿಲ್ಲಿಗೆ ಹೇಳಿದರು.

ಇಷ್ಟಾದರೂ ಉಳಿದುಕೊಳ್ಳಬಹುದಿತ್ತೇನೋ. ಆದರೆ ಬ್ಲಾಗ್ ಬರಹ ಮೊದಲ ರಾತ್ರಿಯೇ ಹಾಕಿಬಿಟ್ಟಿದ್ದೆ, ಮಿಲ್ಲಿನ ಹೆಸರು ಕಾಣುವ ಸ್ಕ್ರೀನ್‌ಶಾಟ್ ಸಮೇತ. ಬೆಂಗಳೂರಿನಲ್ಲಿ ಓದುತ್ತಿದ್ದ ಸಾವ್ಕಾರ್ರ ಮಗ ಅದನ್ನು ಹುಡುಕಿ ಅಪ್ಪನಿಗೆ ಓದಿ ಹೇಳಿದ. ನಾನು ಆಫೀಸಿಗೆ ಹೋದಾಗ ಸಾವ್ಕಾರ್ರು ಕೂಗಾಡಲಿಲ್ಲ. ಚಹಾ ತರಿಸಿದರು. ಕೈಯಲ್ಲಿ ಒಂದು ಹಿಡಿ ಅಕ್ಕಿ ಹಿಡಿದು ಕಾಳು ನೋಡುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು:

"ನಮ್ ಮಿಲ್ಲಿನ ಮ್ಯಾಲ ಪ್ರಯೋಗ ಮಾಡಿ, ಅದನ್ನ ಪೇಪರ್‌ನಾಗ ಹಾಕ್ಕೊಂಡಿಯಲ್ಲೋ ತಮ್ಮಾ."

ಬ್ಲಾಗ್ ಬೇರೆ, ಪೇಪರ್ ಬೇರೆ ಅಂತ ಹೇಳುವ ಧೈರ್ಯ ಬರಲಿಲ್ಲ. ಇನ್ನೆರಡು ಮಿಲ್ಲುಗಳೂ ಅವರ ಬೀಗರದೇ. ಮೂರೂ ಹೋದವು. ವರ್ಷದ ಆದಾಯದಲ್ಲಿ ಹತ್ತಿರ ಹತ್ತಿರ ಅರ್ಧ.

ಹಾಗಾಗಿ ಇಂಗ್ಲಿಷಾ ಕನ್ನಡಾನಾ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ನಿಮ್ಮ ಪ್ರಶ್ನೆಯ ಬುಡವೇ ತಪ್ಪು ಅಂತ ನನಗನ್ನಿಸುತ್ತೆ. ಸಿಂಧನೂರಿನ ಮಿಲ್ಲಿನವರೋ ಟ್ರ್ಯಾಕ್ಟರ್ ಶೋರೂಮಿನವರೋ ನಿಮ್ಮ ಬ್ಲಾಗ್ ಓದಿ ಕೆಲಸ ಕೊಡೋದಿಲ್ಲ. ಅವರ ಅಳಿಯನಿಗೆ ನೀವು ಗೊತ್ತು ಅಂತ ಕೊಡ್ತಾರೆ. ಬರೆಯುವ ಚಟ ಇದ್ದರೆ ಬರೆಯಿರಿ, ಅದು ನಿಮ್ಮ ಸ್ವಂತ ಖುಷಿ. ಆದರೆ ಅಭಿಪ್ರಾಯ ಬರೆಯೋದಕ್ಕೆ ಅಂತ ಸುದ್ದಿ ಓದಲು ಶುರು ಮಾಡಿದರೆ ಕಣ್ಣು ಕೆಡುತ್ತೆ. ಜಗಳ ಇರುವ ಸುದ್ದಿ ಮಾತ್ರ ಕಾಣುತ್ತೆ, ತಾರೀಖು ಇರುವ ಸುದ್ದಿ ಕಾಣಲ್ಲ.

ಥರ್ಡ್ ಪಾರ್ಟಿ ಕುಕೀ (ಸೈಟಿನಿಂದ ಸೈಟಿಗೆ ನಮ್ಮನ್ನು ಹಿಂಬಾಲಿಸಲು ಜಾಹೀರಾತಿನವರು ಬಳಸುವ ಗುರುತು) ಕಥೆ ನೋಡಿ. ಎರಡು ವರ್ಷದಲ್ಲಿ ಕ್ರೋಮ್‌ನಿಂದ ತೆಗೆಯುತ್ತೇವೆ ಅಂತ 2020 ರಲ್ಲಿ ಗೂಗಲ್ ಹೇಳಿತು. ಮುಂದೂಡಿತು, ಮತ್ತೆ ಮುಂದೂಡಿತು, 2024 ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಪ್ರತಿ ಸಲವೂ ಅದರ ಮೇಲೆ ಲೇಖನ ಬರೆದವರಿದ್ದಾರೆ. ಆನೆಗೊಂದಿಯ ಹೋಮ್‌ಸ್ಟೇಗೆ ಅದರಿಂದ ಒಂದು ಕೂದಲೂ ಕೊಂಕಲಿಲ್ಲ. ಎಐ ಬಂದು ನಮ್ಮ ಕೆಲಸ ಹೋಗುತ್ತೆ ಅನ್ನೋದೂ ದಿನಾ ಓದ್ತೀನಿ. ಚಾಟ್‌ಜಿಪಿಟಿ ಬಂದದ್ದು 2022 ರ ನವೆಂಬರ್‌ನಲ್ಲಿ, ನಾನೂ ದಿನಾ ಎಐ ಬಳಸ್ತೀನಿ, ಎನ್‌ಜಿನ್‌ಎಕ್ಸ್ ಸಾಲು ಕೇಳಿದರೆ ಕೊಡುತ್ತೆ. ವೇಬ್ರಿಡ್ಜ್ ಪಕ್ಕದ ಕಂಪ್ಯೂಟರ್ ಬಗ್ಗೆ ನಾನು ಹೇಳದಿದ್ದರೆ ಅದಕ್ಕೂ ಗೊತ್ತಿರಲ್ಲ.

ಇನ್ನೊಂದು ಕಡೆ, 2025 ರ ಏಪ್ರಿಲ್‌ನಲ್ಲಿ ಬ್ರೌಸರ್ ಕಂಪನಿಗಳು, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಸೇರಿ ಸರ್ಟಿಫಿಕೇಟುಗಳ ಆಯಸ್ಸು ಕಡಿಮೆ ಮಾಡಲು ಮತ ಹಾಕಿ ಒಪ್ಪಿದವು. 398 ದಿನ ಇದ್ದದ್ದು 2026 ರ ಮಾರ್ಚ್ 15 ರಿಂದ 200, ಮರುವರ್ಷ 100, 2029 ರ ಮಾರ್ಚ್ 15 ರಿಂದ 47. ಇದಕ್ಕೆ ಯಾರೂ ಸಿಟ್ಟಾಗಲಿಲ್ಲ. ನಿಮ್ಮ ಗಿರಾಕಿಗಳಲ್ಲಿ ಯಾರಾದರೂ ವರ್ಷದ ಸರ್ಟಿಫಿಕೇಟ್ ದುಡ್ಡು ಕೊಟ್ಟು ಕೊಂಡು ಕೈಯಲ್ಲಿ ಹಾಕಿಸಿಕೊಳ್ಳುತ್ತಿದ್ದರೆ ಅವರ ಪಟ್ಟಿ ಈಗಲೇ ಮಾಡಿ. ಪಟ್ಟಿ ಮಾಡುವಾಗ ಸಬ್‌ಡೊಮೈನುಗಳನ್ನೂ ಬರೆಯಿರಿ. ನೀವು ಮಾಡದೇ ಇದ್ದವನ್ನೂ.

ನನ್ನ ಬ್ಲಾಗ್ ಈಗಲೂ ಇದೆ, ಆ ಎ ಪ್ಲಸ್ ಬರಹ ತೆಗೆದಿದ್ದೇನೆ. ಈಗ ನಾನು ಬರೆಯೋದು ತಿಂಗಳಿಗೆ ಒಂದೇ, ಗಿರಾಕಿಗಳ ವಾಟ್ಸಾಪಿಗೆ, ನಾಲ್ಕು ಸಾಲು. ಸರ್ಟಿಫಿಕೇಟ್ ವಿಷಯ ಕಳಿಸಿದಾಗ ಹೋಮ್‌ಸ್ಟೇ ಅಕ್ಕ ಮಾತ್ರ ಉತ್ತರ ಕೊಟ್ಟರು.

"ಅಂದ್ರ ನಾ ಏನ್ ಮಾಡಬೇಕಪಾ?"

"ನೀವೇನೂ ಮಾಡಬ್ಯಾಡ್ರಿ ಅಕ್ಕಾ, ನಾ ಮಾಡೀನಿ."

"ಮತ್ಯಾಕ ಕಳಿಸ್ದಿ?"