ಮರ-ರೆಸಿನ್ ಪೆನ್ ಬ್ಲಾಂಕ್‌ನಲ್ಲಿ ಗುಳ್ಳೆ: ವ್ಯಾಕ್ಯೂಮ್ ಚೇಂಬರ್ ಕೊಳ್ಳಲಾ, ಪ್ರೆಷರ್ ಪಾಟ್ ಕೊಳ್ಳಲಾ?

ಗಾಳಿ ಹೊರಗೆಳೆಯುವ ವ್ಯಾಕ್ಯೂಮ್ ಚೇಂಬರ್, ಗಾಳಿ ತುಂಬಿ ಒತ್ತಡ ಕೊಡುವ ಪ್ರೆಷರ್ ಪಾಟ್, ಸದ್ಯಕ್ಕೆ ಎರಡೂ ಬೇಡ. ಮೊದಲು ಮರ ಒಣಗಿಸಿ.

ಪೆನ್ನಿನ ಒಡಲು ಕಡೆಯಲು ಮಾಡಿಕೊಂಡ ತುಂಡು (ಅದೇ ಪೆನ್ ಬ್ಲಾಂಕ್), ಎರಡು ದ್ರವ ಕಲಸಿ ಸುರಿದರೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ಪಾಲಿಯುರಿಥೇನ್ ರೆಸಿನ್, ಮಳೆಗಾಲ, ಮರದ ಅಂಚಿನುದ್ದಕ್ಕೂ ಗುಳ್ಳೆ. ನೀವು ಬರೆದದ್ದು ಓದಿ ನನ್ನ ಆ ಜುಲೈ ತಿಂಗಳೇ ಕಣ್ಣ ಮುಂದೆ ಬಂತು.

ಮಲೆನಾಡಿನ ಸಾಗರದ ಹತ್ತಿರ ನಮ್ಮ ಹಳೇ ಮನೆ ಕೆಡವಿದಾಗ ಹಲಸಿನ ಜಂತಿಯ ಒಂದು ತುಂಡು ಎತ್ತಿಟ್ಟುಕೊಂಡಿದ್ದೆ. ಒಂದು ಅಂಚು ಹುಳು ತಿಂದು ಓರೆಕೋರೆಯಾಗಿತ್ತು. ಆ ಸಂದಿಗೆ ನೀಲಿ ರೆಸಿನ್ ತುಂಬಿ ಪೆನ್ ಮಾಡಬೇಕು ಅಂತ ಆಸೆ. ಕೊಯ್ದರೆ ಎಂಟು ತುಂಡಾಯಿತು. ಮೊದಲ ಎರಡರಲ್ಲಿ ನೊರೆ ಬಂತು. ಗಾಳಿ ಸೇರಿದೆ ಅಂದುಕೊಂಡು ವ್ಯಾಕ್ಯೂಮ್ ಚೇಂಬರ್ ತರಿಸಿದೆ. ಆ ರೆಸಿನ್ ಏಳೆಂಟು ನಿಮಿಷಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ. ಗುಳ್ಳೆ ಮೇಲೆ ಬರುವ ಮೊದಲೇ ಅಲ್ಲೇ ಕಲ್ಲಾಯಿತು. ಇನ್ನೆರಡು ಹೋಯಿತು. ಆಮೇಲೆ ಪ್ರೆಷರ್ ಪಾಟ್ ತಂದೆ. 40 ಪಿಎಸ್‌ಐ ಒತ್ತಡದಲ್ಲಿಟ್ಟೆ. ಹೊರಗಿನಿಂದ ಗಾಜಿನ ಹಾಗೆ ಕಂಡಿತು. ಪೆನ್ನಿನ ಒಳಗೆ ಕೂರುವ ಹಿತ್ತಾಳೆ ಕೊಳವೆಗೆ 7 ಮಿ.ಮೀ. ತೂತು ಕೊರೆಯುವಾಗ ಮರ ಒಂದು ಕಡೆ, ರೆಸಿನ್ ಒಂದು ಕಡೆ ಬಿಟ್ಟುಕೊಂಡಿತು. ಅವೆರಡೂ ಹೋದವು.

ಆ ಮನೆ ಇನ್ನಿಲ್ಲ. ಅಂಥ ಮರ ಮತ್ತೆ ಎಲ್ಲಿಂದ ತರಲಿ?

ನನ್ನ ತಪ್ಪು ಏನು ಗೊತ್ತಾ? ಅಷ್ಟು ವರ್ಷ ಅಡುಗೆಮನೆ ಹೊಗೆ ಕುಡಿದ ಜಂತಿ, ಒಣಗದೆ ಇರುತ್ತಾ ಅಂದುಕೊಂಡೆ. ಮರ ಎಷ್ಟೇ ಹಳೆಯದಾಗಲಿ, ಗಾಳಿಯ ಪಸೆ ಹೀರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಹಳೇ ಬಾಗಿಲು ಉಬ್ಬಿ ಮುಚ್ಚಲಾಗುವುದಿಲ್ಲ ಅಲ್ವಾ? ಅದೇ ಕಥೆ. ಪಾಲಿಯುರಿಥೇನ್ ರೆಸಿನ್‌ನ ಎರಡು ದ್ರವಗಳಲ್ಲಿ ಒಂದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ನೀರು ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಆ ಗುಳ್ಳೆ ನೀವು ಕಲಸುವಾಗ ಸೇರಿದ ಗಾಳಿಯಲ್ಲ. ಮರ ಮತ್ತು ರೆಸಿನ್ ಸೇರುವ ಗೆರೆಯಲ್ಲೇ ಹೊಸದಾಗಿ ಹುಟ್ಟುತ್ತಿದೆ. ಪ್ರೆಷರ್ ಪಾಟ್ ಅದನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡುತ್ತದೆ, ಅಷ್ಟೇ. ಒಳಗೆ ಹಿಡಿತ ಇರುವುದಿಲ್ಲ. ನಾನು ಎರಡು ಯಂತ್ರ ಕೊಂಡೆ, ಮರ ಮಾತ್ರ ಒಮ್ಮೆಯೂ ತೂಗಲಿಲ್ಲ.

ಕೊನೆಗೆ ಏಳನೆಯದನ್ನು ಅಡುಗೆ ತಕ್ಕಡಿಯಲ್ಲಿ ತೂಗಿದೆ, 28 ಗ್ರಾಂ. ಒಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 100 ಡಿಗ್ರಿಯ ಆಸುಪಾಸಿನಲ್ಲಿಟ್ಟು ಗಂಟೆಗೊಮ್ಮೆ ತೂಗುತ್ತಾ ಹೋದೆ. 24ಕ್ಕೆ ಬಂದು ನಿಂತಿತು. ನಾಲ್ಕು ಗ್ರಾಂ ನೀರು! ಜಿಪ್ ಕವರ್‌ನಲ್ಲಿ ಹಾಕಿ ತಣಿಸಿ, ತಣ್ಣಗಾದ ಕೂಡಲೇ ರೆಸಿನ್ ಸುರಿದು ಪಾಟ್‌ನಲ್ಲಿಟ್ಟೆ. ಒಂದು ಗುಳ್ಳೆಯೂ ಬರಲಿಲ್ಲ. ಆ ಪೆನ್ ಈಗ ಅಪ್ಪನ ಜೇಬಿನಲ್ಲಿದೆ.

ಒಣಗಿಸಿದ ಮೇಲೂ ಕಲಸುವಾಗ ಸೇರಿದ ಗಾಳಿ ಉಳಿಯುತ್ತದೆ. ಅದಕ್ಕೆ ಪ್ರೆಷರ್ ಪಾಟ್ ಬೇಕು, ರೆಸಿನ್ ಪೂರ್ತಿ ಗಟ್ಟಿಯಾಗುವ ತನಕ ಒತ್ತಡ ಬಿಡಬಾರದು. ಆಮೇಲೆ ಕೊಳ್ಳಿ, ಆದರೆ ಒತ್ತಡಕ್ಕೆಂದೇ ಮಾಡಿದ್ದು ಕೊಳ್ಳಿ. ಮನೆ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ತೆರೆದ ರೆಸಿನ್ ಬಾಟಲಿಯೂ ಪಸೆ ಹೀರುತ್ತದೆ, ಬಿಗಿಯಾಗಿ ಮುಚ್ಚಿಡಿ.

ನಾಳೆ ಒಂದು ತುಂಡು ತೂಗಿ ಓವನ್‌ಗೆ ಹಾಕಿ, ಹತ್ತಿರವೇ ಇರಿ. ಎಷ್ಟು ಗ್ರಾಂ ಇಳಿಯಿತು ಅಂತ ಇಲ್ಲೇ ಬರೆಯಿರಿ, ನೋಡೋಣ.